ಆರದಿದ್ದರೆ ಗಾಡಿ ನಿಲ್ಲಿಸು

ಚಂದನಾ, ನಿತಿನ್,

ಅಮೆರಿಕದಿಂದ ಬಂದು ಇಷ್ಟು ದಿನವಾದರೂ ಅಜ್ಜಿ ಅಲ್ಲಿಯ ಸುದ್ದಿ ಒಂದೂ ಹೇಳಲಿಲ್ಲ ಎಂದು ನೀವಿಬ್ಬರೂ ಮುನಿಸಿಕೊಂಡಿದ್ದೀರಿ. ಎದುರು ಕೂತು ಹೇಳುವುದು ನನಗೆ ಚಿಕ್ಕಂದಿನಿಂದಲೂ ಆಗದು. ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಕೇಳಿದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಉಳಿಯುತ್ತಿತ್ತು. ಸ್ಲೇಟಿನ ಮೇಲೆ ಬರೆ ಅಂದರೆ ಬರೆಯುತ್ತಿದ್ದೆ. ಈಗಲೂ ಹಾಗೇ.

ನಿಮ್ಮ ಇನ್ನೊಂದು ದೂರೂ ಇದೆ. ಹಾಸ್ಟೆಲ್ ತಲುಪಿದ ಮೇಲೆ ನೀವು ಮಿಸ್ಡ್ ಕಾಲ್ ಕೊಟ್ಟರೆ ನಾನು ಎತ್ತಿಬಿಡುತ್ತೇನೆ. "ಅಜ್ಜಿ, ಮಿಸ್ಡ್ ಕಾಲ್ ಎತ್ತಬಾರ್ದು, ರೀಚ್ ಆದ್ವಿ ಅಂತ ಅಷ್ಟೆ" ಎಂದು ನಿತಿನ್ ಎಷ್ಟು ಸಲ ಹೇಳಿದ್ದಾನೋ. ಎರಡು ದೂರಿಗೂ ಉತ್ತರ ಒಂದೇ ಕಡೆ ಇದೆ. ಡೆಟ್ರಾಯಿಟ್ ತಾತ ತೀರಿಕೊಂಡದ್ದು ನಿಮಗೆ ಗೊತ್ತು. ಹೇಗೆಂದು ಗೊತ್ತಿಲ್ಲ. ಅದನ್ನೂ ಸೇರಿಸಿ ಬರೆಯುತ್ತೇನೆ.

ಶಾಮ್‌ಬರ್ಗ್

ನನ್ನನ್ನು ಕರೆಸಿಕೊಂಡದ್ದು ಸ್ಮಿತಾ, ನೀವು ಡೆಟ್ರಾಯಿಟ್ ತಾತ ಅನ್ನುವ ನನ್ನ ತಮ್ಮ ವೆಂಕಟೇಶನ ಒಬ್ಬಳೇ ಮಗಳು. ಅಲ್ಲೇ ಹುಟ್ಟಿ ಬೆಳೆದವಳು. ಶಿಕಾಗೋ ಪಕ್ಕದ ಶಾಮ್‌ಬರ್ಗ್‌ನಲ್ಲಿ ಒಬ್ಬಳೇ ಇದ್ದಾಳೆ, ಹಾಫ್‌ಮನ್ ಎಸ್ಟೇಟ್ಸ್‌ನ ಔಷಧಿ ಅಂಗಡಿಯೊಂದರಲ್ಲಿ ಕೆಲಸ. ಅವಳ ಅಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ವೆಂಕಟೇಶ ಅಲ್ಲಿಂದ ಐದು ಗಂಟೆ ದಾರಿಯಾಚೆ, ಡೆಟ್ರಾಯಿಟ್ ಹತ್ತಿರ ತನ್ನ ಹಳೆಯ ಮನೆಯಲ್ಲಿ ಒಬ್ಬನೇ ಇದ್ದ.

ವಿಮಾನ ನಿಲ್ದಾಣದಿಂದ ಮನೆಗೆ ಹೋಗುವಾಗಲೇ ಸ್ಮಿತಾ ವಿಷಯಕ್ಕೆ ಬಂದಳು.

"ಅತ್ತೆ, ಅಪ್ಪಂಗೆ ಹಾರ್ಟ್ ವೀಕ್ ಆಗಿದೆ. ಡಾಕ್ಟರ್ ಒಬ್ರೇ ಇರ್ಬೇಡಿ ಅಂದಿದಾರೆ. ನಾನು ರೂಮ್ ರೆಡಿ ಮಾಡಿದೀನಿ. ಬರಲ್ಲ ಅಂತಾರೆ. ನನ್ ಮಾತು ಕೇಳಲ್ಲ. ನೀವು ಅಕ್ಕ ಅಲ್ವಾ, ನೀವು ಹೇಳಿ."

ಟಿಕೆಟ್ಟು ಕಳಿಸಿದ್ದು ಅದಕ್ಕೇ ಎಂದು ಆಗ ತಿಳಿಯಿತು. ಜನರ ಮುಂದೆ ಬಾಯಿ ಬಿಡದವಳಿಗೆ ಒಬ್ಬ ಹಟಮಾರಿಯನ್ನು ಮನೆ ಬಿಡಿಸುವ ಕೆಲಸ!

ಸ್ಮಿತಾಳ ಮನೆ ಮೂರನೇ ಮಹಡಿ. ನಮ್ಮಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗದಿದ್ದರೆ ಇವತ್ತು ಅವರ ಮನೆಯಲ್ಲಿ ಏನೋ ಆಗಿದೆ ಎಂದು ಗೊತ್ತಾಗುತ್ತದೆ. ಅಲ್ಲಿ ಗೋಡೆಯಾಚೆ ಜನ ಇದ್ದಾರೋ ಇಲ್ಲವೋ ತಿಳಿಯದು. ಎದುರು ಬಾಗಿಲಿನ ಅಜ್ಜನೊಬ್ಬ ನಾಯಿ ಹಿಡಿದು ಹೊರಬರುತ್ತಿದ್ದ. ಅವನ ನಾಯಿಯ ಹೆಸರು ಎಲ್ಲರಿಗೂ ಗೊತ್ತು. ಅವನ ಹೆಸರು ಸ್ಮಿತಾಳಿಗೂ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಅವಳ ಫೋನು ಒಲೆ ಪಕ್ಕದಲ್ಲೇ ಹೊಡೆದುಕೊಂಡಿತು. ಮೇಲೆ ವೆಂಕಟೇಶನ ಫೋಟೋ. ಅವಳು ಸ್ನಾನಕ್ಕೆ ಹೋಗಿದ್ದಾಳಲ್ಲ ಎಂದು ಕೈ ಚಾಚಿದೆ. ಒಳಗಿನಿಂದಲೇ ಕೂಗಿದಳು:

"ಅತ್ತೆ, ಎತ್ತಬೇಡಿ! ಅಪ್ಪಂದು ಮಿಸ್ಡ್ ಕಾಲ್!"

ಅಷ್ಟರಲ್ಲಿ ಅದೇ ನಿಂತಿತು. ಸ್ಮಿತಾ ತಲೆ ಒರೆಸಿಕೊಳ್ಳುತ್ತ ಬಂದು ವಿವರಿಸಿದಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಒಂದು ಮಿಸ್ಡ್ ಕಾಲ್ ಕೊಡಬೇಕು, ಎದ್ದಿದ್ದೇನೆ, ಚೆನ್ನಾಗಿದ್ದೇನೆ ಎಂದು ಅದರ ಅರ್ಥ. ಎತ್ತುವಂತಿಲ್ಲ.

"ಎತ್ತಿದ್ರೆ ಬೈತಾರೆ ಅತ್ತೆ. 'ಬದುಕಿದೀನಿ ಅಂತ ಹೇಳೋಕೆ ಮಾಡಿದ್ದು, ಲೆಕ್ಚರ್ ಕೇಳೋಕಲ್ಲ' ಅಂತಾರೆ. ಇಲ್ಲಿ ನನ್ ಫ್ರೆಂಡ್ಸ್‌ಗೆ ಇದು ಅರ್ಥಾನೇ ಆಗಲ್ಲ. ಫೋನ್ ಬಂದ್ರೆ ಯಾಕೆ ಎತ್ತಲ್ಲ ಅಂತಾರೆ."

ನನಗೆ ಅರ್ಥವಾಯಿತು. ಮಾತಿಗೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಬಸ್ಸು ಇಳಿದವರು, ಹೆರಿಗೆಯಾದವರು, ಹಾಲು ತಂದಿಟ್ಟವರು ಎಲ್ಲರೂ ಮಿಸ್ಡ್ ಕಾಲಲ್ಲೇ ಹೇಳುತ್ತಿದ್ದೆವು. ನಮ್ಮೂರಿನ ಆ ಅಭ್ಯಾಸ ಸಮುದ್ರ ದಾಟಿ ಅಲ್ಲಿ ಹೋಗಿ ಕೂತಿತ್ತು.

ಡೆಟ್ರಾಯಿಟ್ ದಾರಿ

ಆ ವಾರದ ಕೊನೆಗೆ ಹೊರಟೆವು. ಸ್ಮಿತಾಳ ಕಾರಿನಲ್ಲಿ ಸ್ಟೀರಿಂಗ್ ಹಿಂದೆ ಒಂದು ಹಳದಿ ದೀಪ ಹತ್ತಿಕೊಂಡೇ ಇತ್ತು.

"ಅದೇನೇ?"

"ಚೆಕ್ ಇಂಜಿನ್ ಲೈಟ್ ಅತ್ತೆ. ಸಮ್ಮರ್‌ನಿಂದ ಹಾಗೇ ಇದೆ. ಏನೂ ಆಗಲ್ಲ. ಅಪ್ಪಂಗೆ ಹೇಳ್ಬೇಡಿ ಆಯ್ತಾ?"

ಹತ್ತಿದ ದೀಪ ಒಳ್ಳೆಯದು, ಆರಿದ್ದು ಕೆಟ್ಟದ್ದು ಎಂದು ಬೆಳೆದವಳು ನಾನು. ಮತ್ತೆ ಕೇಳಲಿಲ್ಲ.

ದಾರಿಯಲ್ಲಿ ಪ್ರಯಾಣಿಕರಿಗೆಂದು ಕಟ್ಟಿದ ಶೌಚಾಲಯವೊಂದಕ್ಕೆ ಹೋದೆ. ಒಳಗೆ ಕೂತಿದ್ದಾಗ ಇದ್ದಕ್ಕಿದ್ದಂತೆ ಕತ್ತಲಾಯಿತು. ಕರೆಂಟು ಹೋಯಿತೆಂದುಕೊಂಡೆ. ಅಮೆರಿಕದಲ್ಲೂ ಹೋಗುತ್ತದೆ ಎಂದು ಸ್ವಲ್ಪ ಸಮಾಧಾನವೂ ಆಯಿತು. ಬರಲಿ ಎಂದು ಅಲ್ಲಾಡದೆ ಕೂತೆ. ಬರಲೇ ಇಲ್ಲ. ಕೂಗಲು ನಾಚಿಕೆ. ಎಷ್ಟು ಹೊತ್ತು ಕೂತಿದ್ದೆನೋ, ಸ್ಮಿತಾ ಬಾಗಿಲಾಚೆ ಬಂದು ಕರೆದಳು.

"ಅತ್ತೆ, ಒಳಗಿದೀರಾ?"

"ಕರೆಂಟಿಲ್ಲ ಕಣೇ."

"ಅಯ್ಯೋ, ಕೈ ಆಡಿಸಿ ಅತ್ತೆ! ಸುಮ್ನೆ ಕೂತ್ರೆ ಲೈಟ್ ಆಫ್ ಆಗುತ್ತೆ!"

ಕೈ ಎತ್ತಿ ಬೀಸಿದೆ. ಬೆಳಕು ಬಂತು. ಅಲ್ಲಾಡದೆ ಕೂತರೆ ಒಳಗೆ ಯಾರೂ ಇಲ್ಲ ಎಂದು ಅಲ್ಲಿಯ ದೀಪದ ಲೆಕ್ಕ. ಆ ದಿನ ಡೆಟ್ರಾಯಿಟ್‌ವರೆಗೂ ಇಬ್ಬರೂ ನಕ್ಕೆವು.

ತಮ್ಮನ ಗ್ಯಾರೇಜು

ವೆಂಕಟೇಶ ಬಾಗಿಲಲ್ಲೇ ನಿಂತಿದ್ದ. ಸ್ವೆಟರಿನೊಳಗೆ ಅರ್ಧ ಮನುಷ್ಯ. ಮನೆ ತೋರಿಸುತ್ತೇನೆಂದು ಕರೆದುಕೊಂಡು ಹೋಗುವಾಗ ಮೂರು ಹೆಜ್ಜೆಗೊಮ್ಮೆ ನಿಂತು ಏನನ್ನಾದರೂ ತೋರಿಸುತ್ತಿದ್ದ: ಇದು ಹಿಂದಿನ ವರ್ಷ ಹಾಕಿಸಿದ ಕಿಟಕಿ, ಇದು ಸ್ಮಿತಾ ಶಾಲೆಯಲ್ಲಿ ಬರೆದ ಚಿತ್ರ. ಅದು ಉಸಿರು ತೆಗೆದುಕೊಳ್ಳುವ ಉಪಾಯ ಎಂದು ಸಂಜೆ ಹೊತ್ತಿಗೆ ತಿಳಿಯಿತು.

ಸ್ಮಿತಾ ಕೆಲಸಕ್ಕೆ ಹಿಂತಿರುಗಿದಳು. ನಾನು ಅವನ ಜೊತೆ ಉಳಿದೆ.

ಡೆಟ್ರಾಯಿಟ್ ತಾತ ಅಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂದು ನೀವು ಕೇಳಿದ್ದಿರಿ. ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ, 'ಕಾರ್ ಕಂಪನಿ' ಎಂದಷ್ಟೇ ಹೇಳುತ್ತಿದ್ದೆ. ಕಾರಿನಲ್ಲಿ ಡ್ರೈವರ್ ಕಣ್ಣೆದುರು ಹತ್ತುವ ಪುಟ್ಟ ದೀಪಗಳಿವೆಯಲ್ಲ, ಎಣ್ಣೆ ಇಲ್ಲ, ನೀರು ಕಾದಿದೆ, ಬಾಗಿಲು ತೆರೆದಿದೆ ಎಂದು ಹೇಳುವವು, ಅವು ಎಲ್ಲಿರಬೇಕು, ಎಷ್ಟಿರಬೇಕು, ಯಾವ ಬಣ್ಣ ಎಂದು ತೀರ್ಮಾನಿಸುವ ವಿಭಾಗದಲ್ಲಿ ಅವನು ವಯಸ್ಸು ಕಳೆದಿದ್ದ. ನಿವೃತ್ತಿಯಾದ ಮೇಲೆ ಅದನ್ನೇ ಹಳೆಯ ಗಾಡಿಗಳಿಗೆ ಮಾಡುತ್ತಿದ್ದ. ಬಹಳ ಹಳೆಯವು. ನಮ್ಮಪ್ಪ ಹುಟ್ಟುವ ಮುಂಚಿನವು.

ಆ ಊರಿನ ಕಡೆ ನೂರು ವರ್ಷದ ಮೋಟಾರು ಗಾಡಿಗಳನ್ನು ಇಟ್ಟುಕೊಂಡು ಓಡಿಸುವವರಿದ್ದಾರೆ. ಅವಕ್ಕೆ ಮೊದಲು ಎಚ್ಚರಿಕೆಯ ದೀಪ ಎಂಬುದೇ ಇರಲಿಲ್ಲವಂತೆ.

"ಮುಂದುಗಡೆ ಒಂದು ಗಾಜಿನ ಬುರುಡೆ ಕಣಕ್ಕ. ಅದರೊಳಗೆ ಇಂಜಿನ್ ಎಣ್ಣೆ ತೊಟ್ಟು ತೊಟ್ಟು ಬೀಳ್ತಿರ್ಬೇಕು. ಡ್ರೈವರ್ ಅದನ್ನೇ ನೋಡ್ತಿರ್ಬೇಕು. ನಿಂತ್ರೆ ಇಂಜಿನ್ ಹೋಯ್ತು. ರಸ್ತೆ ನೋಡ್ತಾನೋ, ಎಣ್ಣೆ ನೋಡ್ತಾನೋ?"

ನನಗೆ ತಟ್ಟನೆ ನಮ್ಮ ಮನೆಯವರು, ನಿಮ್ಮ ತಾತ, ಆಸ್ಪತ್ರೆಯಲ್ಲಿದ್ದ ದಿನಗಳು ನೆನಪಾದವು. ಗ್ಲೂಕೋಸ್ ಬಾಟಲಿಯ ಕೆಳಗೆ ತೊಟ್ಟು ಬೀಳುವುದನ್ನೇ ನೋಡುತ್ತ ಕೂರುತ್ತಿದ್ದೆ. ಅವರ ಮುಖ ನೋಡಿದರೆ ತೊಟ್ಟು ತಪ್ಪುತ್ತದೆ, ತೊಟ್ಟು ನೋಡಿದರೆ ಮುಖ ತಪ್ಪುತ್ತದೆ. ವೆಂಕಟೇಶನಿಗೆ ಅದನ್ನು ಹೇಳಿದೆ. ಅವನು ನನ್ನ ಭುಜ ಮುಟ್ಟಿದ.

ಆ ಬುರುಡೆಯ ಪಕ್ಕದಲ್ಲಿ ಅವನೊಂದು ಕೆಂಪು ದೀಪ ಕೂರಿಸುತ್ತಿದ್ದ. ಎಣ್ಣೆ ನಿಂತರೆ ಹತ್ತುವ ದೀಪ. ಅದರಲ್ಲೇ ಅವನ ಕಷ್ಟವೆಲ್ಲ. ಗಾಡಿಯ ಹಳೆಯ ಚಂದ ಕೆಡಬಾರದು, ಆದ್ದರಿಂದ ಆರಿದಾಗ ದೀಪ ಇದೆಯೆಂದೇ ತಿಳಿಯಬಾರದು. ಗಾಡಿಗೆ ಮಾಡು ಇಲ್ಲ, ಬಿಸಿಲು ನೇರ ಮೇಲೆ ಬೀಳುತ್ತದೆ, ಆದ್ದರಿಂದ ಹತ್ತಿದಾಗ ಬಿಸಿಲಿನಲ್ಲೂ ಕಣ್ಣಿಗೆ ಹೊಡೆಯಬೇಕು. ಗಾಡಿ ಗಡಗಡ ಅಲ್ಲಾಡಿದರೆ ಬಲ್ಬಿನ ತಂತಿ ಕಡಿಯುತ್ತದೆ. ಅವನ ಡ್ರಾಯರುಗಳ ತುಂಬ ಮೂಗುಬಟ್ಟಿನ ಹರಳಿನಂತೆ ಮುಖ ಮುಖ ಕಡಿದ ಕೆಂಪು ಗಾಜುಗಳು. ಹಿಂದೆ ಬೆಳಕಿಲ್ಲದಾಗ ಕಪ್ಪಗೆ, ಮುಚ್ಚಿದ ಕಣ್ಣಿನ ಹಾಗೆ ಇರುತ್ತಿದ್ದವು.

"ಇಷ್ಟು ದೂರ ಬಂದು ಕೊನೆಗೂ ಅಪ್ಪನ ಕೆಲಸಾನೇ ಮಾಡ್ತಿದೀಯಲ್ಲೋ" ಎಂದೆ.

ನಮ್ಮಪ್ಪನದು ಸೈಕಲ್ ಅಂಗಡಿ. ಮದುವೆ, ನಾಟಕಗಳಿಗೆ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುತ್ತಿದ್ದರು. ಅದರ ಸೀಮೆಎಣ್ಣೆ ಟ್ಯಾಂಕಿಗೆ ಗಾಳಿ ಹೊಡೆಯುವ ಕೆಲಸ ವೆಂಕಟೇಶನದು.

ಅವನು ನಕ್ಕ. "ಗಾಳಿ ಇಳಿದ್ರೆ ಬೆಳಕು ಕೆಂಪಗಾಗ್ತಿತ್ತು, ನೆನಪಿದೆಯಾ? ಕೆಂಪಗಾಯ್ತೋ, ಅಡುಗೆ ಭಟ್ಟ ಅಲ್ಲಿಂದ ಕೂಗೋನು, 'ಲೋ ಯೆಂಕಟೇಶ, ಹೊಡಿಯೋ!' ಅಂತ. ನಾನು ಮೊದಲು ಕಲಿತ ವಾರ್ನಿಂಗ್ ಲೈಟು ಅದೇ."

ಇನ್ನೊಂದು ವಿಷಯ ಅವನು ಕೀಲಿ ತಿರುಗಿಸಿ ತೋರಿಸಿದ. ಬೆಂಚಿನ ಮೇಲಿನ ಕೆಂಪು ದೀಪ ಪಕ್ಕನೆ ಹತ್ತಿತು. ಏನು ಕೆಟ್ಟಿತೋ ಎಂದು ನಾನು ಹಿಂದೆ ಸರಿದೆ. ಅಷ್ಟರಲ್ಲಿ ತಾನೇ ಆರಿತು.

"ಹೆದರ್ಬೇಡ. ಆರಿರೋ ದೀಪ ನೋಡಿ ಎಲ್ಲಾ ಸರಿಯಿದೆ ಅಂತ ಹೇಗೆ ನಂಬ್ತೀಯ? ಬಲ್ಬೇ ಸತ್ತಿರ್ಬೋದಲ್ಲ? ಅದಕ್ಕೆ ಗಾಡಿ ಶುರು ಮಾಡಿದಾಗ ಒಂದ್ಸಲ ಹತ್ತಿ ಆರ್ಬೇಕು. ನಾನು ಬದುಕಿದೀನಿ ಅಂತ ದೀಪ ಹೇಳೋದು ಅದು."

"ಸ್ಮಿತಾಗೆ ನೀನು ಕೊಡೋ ಮಿಸ್ಡ್ ಕಾಲ್ ಥರ."

"ಅದೇ ಕಣಕ್ಕ! ನೀನು ನಮ್ಮ ಆಫೀಸಲ್ಲಿ ಇರ್ಬೇಕಿತ್ತು."

"ಆಮೇಲೆ ಹತ್ತಿದ್ರೆ?"

"ಹತ್ತಿ ಆರಿದ್ರೆ ಸರಿ. ಆರದೇ ಇದ್ರೆ ಗಾಡಿ ನಿಲ್ಸು. ಅಷ್ಟೇ ಪಾಠ."

ವಾಲ್ಟರ್‌ನ ಗಾಡಿ

ಎರಡು ಮನೆಯಾಚೆ ವಾಲ್ಟರ್ ಎಂಬ ವೃದ್ಧನಿದ್ದ. ಅವನೂ ಹೆಂಡತಿ ಇಲ್ಲದವನು, ಕಾರ್ಖಾನೆಯಲ್ಲಿ ದುಡಿದು ಬಿಟ್ಟವನು. ವೆಂಕಟೇಶನ ಮನೆಯ ಇನ್ನೊಂದು ಬೀಗದ ಕೈ ಅವನ ಬಳಿ ಇತ್ತು. ಆದರೂ ಪ್ರತಿ ಸಲ ಬಾಗಿಲು ತಟ್ಟಿ, ಹಿಂದೆ ಸರಿದು, ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಒಳಗೆ ಬಾ ಅಂದರೂ ಬರಿಗೈಲಿ ಬರುತ್ತಿರಲಿಲ್ಲ, ತನ್ನ ಕಾಫಿ ತಾನೇ ತರುತ್ತಿದ್ದ. ನಾನು ಮಾಡಿದ ಕಾಫಿ ಒಂದು ಸಲ ಕುಡಿದ ಮೇಲೆ ಆ ಅಭ್ಯಾಸ ಬಿಟ್ಟ.

ಅವನ ಗಾಡಿಗೇ ವೆಂಕಟೇಶ ಆಗ ದೀಪ ಮಾಡುತ್ತಿದ್ದುದು. ಕಪ್ಪು ಬಣ್ಣ, ಎತ್ತರದ ಸೀಟು, ಜಟಕಾದಂಥ ಚಕ್ರ. ದೀಪದ ಪರೀಕ್ಷೆಗೆ ನನ್ನನ್ನು ಮುಂದಿನ ಸೀಟಿಗೆ ಹತ್ತಿಸಿದರು.

"ನಾನ್ಯಾಕೋ? ಗಾಡಿ ವಿಷಯ ನನಗೇನು ಗೊತ್ತು?"

"ಗೊತ್ತಿಲ್ಲದೋಳೇ ಬೇಕು. ಗೊತ್ತಿರೋನು ದೀಪ ಎಲ್ಲಿದೆ ಅಂತ ಹುಡುಕ್ತಾನೆ. ಹುಡುಕದೇ ಇರೋರ ಕಣ್ಣಿಗೆ ಬೀಳ್ಬೇಕು. ನೀನು ಮನೆ ಗಿಡ ನೋಡ್ಕೊಂಡು ಕೂತಿರು. ಕೆಂಪು ಕಂಡ್ರೆ 'ನಿಲ್ಸು' ಅನ್ನು. ವಾಲ್ಟರ್‌ಗೆ ಆ ಒಂದು ಮಾತು ಕಲಿಸಿದೀನಿ."

ಹಿಂದಿನ ಸೀಟಿನಲ್ಲಿ ವೆಂಕಟೇಶ ಸ್ವಿಚ್ಚು ಹಿಡಿದು ಕೂತ. ಗಾಡಿ ಹೊರಟಿತು. ಎಲೆಗಳು ಕೆಂಪಾಗಿ ಉದುರುವ ಕಾಲ. ರಸ್ತೆ ತುಂಬ ಬೀಡಾಡಿ ಎಲೆಗಳು, ಮನೆಗಳ ಮುಂದೆ ಒಬ್ಬ ಮನುಷ್ಯನೂ ಇಲ್ಲ. ಒಂದು ಸುತ್ತು ಬಂದು ನಿಂತೆವು.

"ಕಾಣ್ಲಿಲ್ವಾ?" ಎಂದ ವೆಂಕಟೇಶ. ನನಗೆ ಏನೂ ಕಂಡಿರಲಿಲ್ಲ. ಬಿಸಿಲು ಗಾಜನ್ನೇ ನುಂಗಿತ್ತು.

ಮಾರನೆಯ ದಿನ ಗಾಜಿಗೆ ಹಿತ್ತಾಳೆಯ ಪುಟ್ಟ ಟೋಪಿ ಇಟ್ಟ, ನೆರಳಿಗೆ. ಆಗಲೂ ಕಾಣಲಿಲ್ಲ. ಇನ್ನೊಂದು ದಿನ ಗಾಜು ಬದಲಿಸಿ, ದೀಪವನ್ನು ಎಣ್ಣೆ ಬುರುಡೆಯ ಕೆಳಗಿಂದ ಮೇಲಕ್ಕೆ ತಂದ. ನಾನು ಒಂದು ಮನೆಯ ಮುಂದೆ ಯಾರೋ ಕೂರಿಸಿದ್ದ ಅಸ್ಥಿಪಂಜರದ ಬೊಂಬೆ ನೋಡಿ, ಇದೆಂಥ ಹಬ್ಬವಪ್ಪ ಇವರದು ಎಂದುಕೊಳ್ಳುತ್ತಿದ್ದೆ. ಕಣ್ಣಂಚಿನಲ್ಲಿ ಕೆಂಪಗೆ ಏನೋ ಚುಚ್ಚಿತು.

"ಬಂತು! ಬಂತು! ನಿಲ್ಸು!"

ಹುಟ್ಟಿದಾಗಿನಿಂದ ನಾನು ಬೀದಿಯಲ್ಲಿ ಹಾಗೆ ಕೂಗಿದವಳಲ್ಲ. ವಾಲ್ಟರ್ ಬ್ರೇಕ್ ಒತ್ತಿದ ರಭಸಕ್ಕೆ ಅವನ ಟೋಪಿ ಬಾನೆಟ್ಟಿನ ಮೇಲೆ ಬಿತ್ತು. ಮಗುವಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ವೆಂಕಟೇಶ ನಗುತ್ತ ನಗುತ್ತ ಕೆಮ್ಮಲು ಶುರು ಮಾಡಿದ. ಕೆಮ್ಮು ನಿಲ್ಲಲಿಲ್ಲ. ತುಟಿ ನೀಲಿಯಾಗಿತ್ತು. ವಾಲ್ಟರ್ ಮತ್ತು ನಾನು ಎರಡೂ ಕಡೆಯಿಂದ ಹಿಡಿದು ಮನೆಗೆ ತಂದೆವು.

ಆ ಸಂಜೆ ಹೇಳಿದೆ. ಬೇಡಿಕೊಂಡೆ ಅಂತಲೇ ಬರೆಯಬೇಕು.

"ಮಗಳ ಹತ್ರ ಹೋಗೋ. ಇಲ್ಲಿ ಬಿದ್ರೆ ಯಾರಿಗೆ ಗೊತ್ತಾಗುತ್ತೆ?"

"ವಾಲ್ಟರ್ ಇದಾನೆ."

"ಅವನು ಬಾಗಿಲು ತಟ್ಟಿ ಹೊರಗೇ ನಿಲ್ಲೋನು."

ಅವನು ಎದ್ದು ಗ್ಯಾರೇಜಿನ ಮೂಲೆ ತೋರಿಸಿದ. ಅಂಗಡಿಯಿಂದ ತಂದ ಖಾಲಿ ರಟ್ಟಿನ ಡಬ್ಬಗಳು ಮಡಿಸಿ ಒರಗಿಸಿದ್ದವು. ಒಂದರಲ್ಲಿ ಆಗಲೇ ಗಾಜುಗಳನ್ನು ಪೇಪರಿನಲ್ಲಿ ಸುತ್ತಿಟ್ಟಿದ್ದ.

"ಬರ್ತೀನಿ ಕಣಕ್ಕ. ವಾಲ್ಟರ್ ಗಾಡಿಗೆ ಕೊನೆ ವೈರು ಕೂರಿಸಿ, ಹಬ್ಬದ ದಿನ ಟೂಲ್ಸಿಗೆ ಪೂಜೆ ಮಾಡಿ ಬರ್ತೀನಿ. ಸ್ಮಿತಾಗೆ ಹೇಳು, ಆದರೆ ಅವಳ ಕಾರಿನ ಆ ಹಳದಿ ದೀಪ ಮೊದಲು ರಿಪೇರಿ ಮಾಡಿಸ್ಲಿ ಅಂತಾನೂ ಹೇಳು. ನಾನು ನೋಡಿಲ್ಲ ಅಂದ್ಕೊಂಡಿದಾಳೆ."

ಮುಂದಿನ ವಾರ ಸ್ಮಿತಾ ಬಂದು ನನ್ನನ್ನು ವಾಪಸು ಕರೆದುಕೊಂಡು ಹೋದಳು. ಹಬ್ಬ ಕಳೆದ ಮೇಲೆ ಇಬ್ಬರೂ ಬಂದು ಅವನನ್ನು ಕರೆತರುವುದೆಂದು ಮಾತಾಯಿತು. ಜೊತೆಗೇ ಉಳಿಯುತ್ತೇನೆ ಎಂದಿದ್ದೆ. ಅವನೇ ಕಳಿಸಿದ. "ಹೋಗಿ ನನ್ನ ರೂಮಿಗೆ ಪರದೆ ಹಾಕ್ಸು. ಅವಳಿಗೆ ಟೇಸ್ಟ್ ಇಲ್ಲ" ಎಂದ.

ಲೆಮಾಂಟ್

ಅಲ್ಲಿ ನಮ್ಮ ಹಬ್ಬಗಳೆಲ್ಲ ರಜೆ ನೋಡಿಕೊಂಡು ಬರುತ್ತವೆ. ಆಯುಧ ಪೂಜೆ ಆ ಸಲ ಭಾನುವಾರಕ್ಕೆ ಬಂತು. ಶಿಕಾಗೋ ಕಡೆಯ ಲೆಮಾಂಟ್ ಎಂಬ ಊರಿನ ದೇವಸ್ಥಾನದಲ್ಲಿ ಕಾರಿಗೆ ಪೂಜೆ ಮಾಡಿಸಲು ಹೊರಟೆವು.

ಆ ಬೆಳಿಗ್ಗೆ ಮಿಸ್ಡ್ ಕಾಲ್ ಬಂದಿರಲಿಲ್ಲ.

"ಭಾನುವಾರ ಲೇಟಾಗಿ ಏಳ್ತಾರೆ" ಎಂದಳು ಸ್ಮಿತಾ. ಹೊರಡುವ ಮುಂಚೆ ತಾನೇ ಒಂದು ಸಲ ಮಾಡಿದಳು, ಎತ್ತಲಿಲ್ಲ. "ಪೂಜೆಗೆ ಕೂತಿರ್ತಾರೆ. ಇಲ್ಲಾ ಗ್ಯಾರೇಜಲ್ಲಿ ಮಷೀನ್ ಸೌಂಡಲ್ಲಿ ಕೇಳಿರಲ್ಲ." ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ತೆಂಗಿನಕಾಯಿ, ಕುಂಬಳಕಾಯಿಯ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟಿದ್ದೆ. ಕಾರು ಹೊರಟ ಕೂಡಲೇ ಕಿರುಚತೊಡಗಿತು. ಎದುರಿಗೆ ಕೆಂಪು ದೀಪ. ನಾನು "ನಿಲ್ಸೇ!" ಎಂದೆ. ಸ್ಮಿತಾ ಹಿಂತಿರುಗಿ ನೋಡಿ, ಇಳಿದು, ಕುಂಬಳಕಾಯಿಗೆ ಬೆಲ್ಟ್ ಹಾಕಿ ಬಂದಳು. ಆ ಭಾರಕ್ಕೆ ಯಾರೋ ಕೂತಿದ್ದಾರೆ ಎಂದು ಕಾರು ತಿಳಿದಿತ್ತಂತೆ. ಇಬ್ಬರೂ ನಕ್ಕೆವು, ಆದರೆ ಆ ನಗು ಹೆಚ್ಚು ದೂರ ಬರಲಿಲ್ಲ. ಅವಳು ಫೋನನ್ನು ಕಣ್ಣಿಗೆ ಕಾಣುವ ಹಾಗೆ ಮುಂದೆ ಸಿಕ್ಕಿಸಿಕೊಂಡಿದ್ದಳು. ದಾರಿಯುದ್ದಕ್ಕೂ ಅದು ಕಪ್ಪಗೇ ಇತ್ತು.

ದೇವಸ್ಥಾನದ ಕೆಳಗೆ ಕಾರುಗಳು ಸಾಲುಗಟ್ಟಿದ್ದವು. ಅರ್ಚಕರು ಒಂದೊಂದಕ್ಕೂ ಕುಂಕುಮವಿಟ್ಟು ಬರುತ್ತಿದ್ದರು. ನಮ್ಮ ಕಾರಿನ ಸರದಿ ಬಂತು. ಬಾನೆಟ್ಟಿಗೆ ಹೂ ಏರಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, "ಸ್ಟಾರ್ಟ್ ಮಾಡಮ್ಮ, ಮುಂದಕ್ಕೆ ತಗೋ, ನಡುವೆ ನಿಲ್ಲಿಸ್ಬಾರ್ದು" ಎಂದರು. ನಾನು ಪಕ್ಕದಲ್ಲಿ ಕೂತಿದ್ದೆ. ಒಳಗೆ ಆ ಹಳದಿ ದೀಪ ಇನ್ನೂ ಉರಿಯುತ್ತಿತ್ತು. ಸ್ಮಿತಾ ಕೀಲಿ ತಿರುಗಿಸಿದಳು.

ಆಗ ಫೋನು ಹೊಡೆದುಕೊಂಡಿತು. ವೆಂಕಟೇಶನ ಫೋಟೋ.

"ಓ ಬಂತು! ನೋಡಿ ಅತ್ತೆ, ಎದ್ರು ಮಹಾರಾಯ್ರು!"

ಅವಳ ಮುಖ ಹೇಗೆ ಅರಳಿತು ಎಂದರೆ ಅದನ್ನು ನಾನು ಬರೆಯಲಾರೆ. ಬೆಳಗಿನಿಂದ ಹೆಗಲ ಮೇಲಿದ್ದುದು ಇಳಿದ ಹಾಗೆ. ನನ್ನದೂ ಇಳಿಯಿತು. ಕೈ ಮುಗಿದೆ. ಕಾರು ನಿಧಾನವಾಗಿ ಮುಂದೆ ಸರಿದು ನಿಂಬೆಹಣ್ಣುಗಳು ಪಚಕ್ ಎಂದವು. ಹಿಂದಿದ್ದವರು ಯಾರೋ ಚಪ್ಪಾಳೆ ತಟ್ಟಿದರು. ಫೋನು ಇನ್ನೂ ಹೊಡೆದುಕೊಳ್ಳುತ್ತಿತ್ತು.

"ಇನ್ನೂ ಬರ್ತಾ ಇದೆ ಕಣೇ" ಎಂದೆ.

"ಕಟ್ ಮಾಡೋದು ಮರ್ತಿದಾರೆ ಅತ್ತೆ. ಎತ್ತಿದ್ರೆ ಹಬ್ಬದ ದಿನಾನೂ ಬೈಸ್ಕೋಬೇಕು."

ಅದು ಮತ್ತೂ ಸ್ವಲ್ಪ ಹೊತ್ತು ಹೊಡೆದುಕೊಂಡು ನಿಂತಿತು. ನಾವು ಒಳಗೆ ಹೋಗಿ ದರ್ಶನ ಮಾಡಿ, ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿಂದೆವು. ಅವನಿಗೂ ಒಂದು ಪೊಟ್ಟಣ ಕಟ್ಟಿಸಿದೆ, ಫ್ರಿಜ್ಜಿನಲ್ಲಿಟ್ಟು ಮುಂದಿನ ವಾರ ಕೊಡಬಹುದೆಂದು. ಅಷ್ಟು ನೆಮ್ಮದಿಯಾಗಿದ್ದೆವು.

ಸಂಜೆ ಪರದೆಯ ಬಣ್ಣ ಕೇಳಲು ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಆಮೇಲೆ ವಾಲ್ಟರ್‌ಗೆ ಮಾಡಿದಳು. ಅವನು ಬೀಗದ ಕೈ ತೆಗೆದುಕೊಂಡು ಹೋದ. ಆ ಸಲ ಅವನು ಬಾಗಿಲ ಹೊರಗೆ ನಿಲ್ಲಲಿಲ್ಲ.

ಮತ್ತೆ ಅದೇ ದಾರಿ

ವೆಂಕಟೇಶ ಗ್ಯಾರೇಜಿನ ನೆಲದ ಮೇಲಿದ್ದನಂತೆ, ಜೀವ ಹೋಗಿತ್ತಂತೆ. ಬೆಂಚಿನ ಮೇಲೆ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರುಗಳನ್ನು ಸಾಲಾಗಿ ಜೋಡಿಸಿ ಕುಂಕುಮ ಇಟ್ಟಿದ್ದ. ಫೋನು ಕೈಯಲ್ಲೇ ಇತ್ತು.

ದಾರಿಯಲ್ಲಿ ಸ್ಮಿತಾ ಒಂದೇ ಮಾತು ತಿರುಗಿ ತಿರುಗಿ ಕೇಳುತ್ತಿದ್ದಳು. "ನೈನ್ ಒನ್ ಒನ್ ಮಾಡ್ಬೋದಿತ್ತಲ್ಲ ಅತ್ತೆ? ಆಂಬ್ಯುಲೆನ್ಸ್ ಬರ್ತಿತ್ತು. ನಂಗ್ಯಾಕೆ ಮಾಡಿದ್ರು?"

ದಿನಾ ಬೆಳಿಗ್ಗೆ ಅವನ ಬೆರಳು ಹೋಗುತ್ತಿದ್ದ ಜಾಗಕ್ಕೇ ಹೋಗಿದೆ, ಅಷ್ಟೆ. ಹಾಗೆಂದು ನನಗೆ ಅನ್ನಿಸಿತು. ಅವಳ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಆಸ್ಪತ್ರೆಯಲ್ಲಿ ವೈದ್ಯರನ್ನೂ ಕೇಳಿದಳು: ಆಗಲೇ ಎತ್ತಿದ್ದರೆ ಉಳಿಯುತ್ತಿದ್ದರೇ? ಆ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬಹಳ ಹೊತ್ತು ಸ್ಮಿತಾಳ ಕೈ ಹಿಡಿದುಕೊಂಡಳು. ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ನಮ್ಮ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ನಿಮ್ಮ ತಾತನನ್ನು ನಾನು ಬಾಗಿಲವರೆಗೆ ಮಾತ್ರ ಕಳಿಸಿದವಳು. ಅಲ್ಲಿ ಹೋಗದೆ ಗತಿ ಇರಲಿಲ್ಲ, ಹೋದೆ. ನೆಲಕ್ಕೆ ಕಾರ್ಪೆಟ್ಟು, ಮೆಲ್ಲಗೆ ಸಂಗೀತ, ಕೂರಲು ಸೋಫಾ. ವೆಂಕಟೇಶನಿಗೆ ಕೋಟು ಹಾಕಿ, ಮುಖಕ್ಕೆ ಬಣ್ಣ ಹಚ್ಚಿದ್ದರು. ಬದುಕಿದ್ದಾಗ ನೀಲಿಯಾಗಿದ್ದ ತುಟಿ ಈಗ ಕೆಂಪಗಿತ್ತು. ಅಳುವವರಿಗೆಂದು ಪ್ರತಿ ಸೋಫಾದ ಪಕ್ಕ ಕಾಗದದ ಕರವಸ್ತ್ರದ ಡಬ್ಬ. ಯಾರೂ ಜೋರಾಗಿ ಅಳುವುದಿಲ್ಲ ಅಲ್ಲಿ. ನಾನು ಒಂದು ಸಲ ಅವನ ಹೆಸರು ಹಿಡಿದು ಕರೆದದ್ದಕ್ಕೆ ಆ ಕಟ್ಟಡದವರು ಬಾಗಿಲಿಂದ ಇಣುಕಿದರು.

ಕೊನೆಗೆ ದಹನದ ಯಂತ್ರ ಹೊತ್ತಿಸುವ ಒಂದು ಗುಂಡಿ ತೋರಿಸಿ, ಮಗಳು ಒತ್ತಬೇಕು ಎಂದರು. ಸ್ಮಿತಾ ಒತ್ತಿದಳು. ಗುಂಡಿಯ ಪಕ್ಕದಲ್ಲಿ ಒಂದು ಕೆಂಪು ದೀಪ ಹತ್ತಿತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಇದೀಗ ಆರುತ್ತದೆ ಎಂದು ನಾನು ಕಾದೆ. ನಮ್ಮನ್ನು ಹೊರಗೆ ಕರೆದುಕೊಂಡು ಹೋಗುವವರೆಗೂ ಅದು ಹತ್ತಿಕೊಂಡೇ ಇತ್ತು.

ನಾವು ಹೊರಡುವ ದಿನ ವಾಲ್ಟರ್ ಬಂದು ಬಾಗಿಲು ತಟ್ಟಿ, ಹಿಂದೆ ಸರಿದು ನಿಂತ. ಹೊರಗೆ ಆ ಕಪ್ಪು ಗಾಡಿ ತಂದಿದ್ದ. ಕೊನೆಯ ವೈರನ್ನು ವೆಂಕಟೇಶ ಶನಿವಾರವೇ ಕೂರಿಸಿದ್ದನಂತೆ. ಸ್ಮಿತಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ವಾಲ್ಟರ್ ಗಾಡಿ ಶುರು ಮಾಡಿದ. ಹಿತ್ತಾಳೆಯ ಟೋಪಿಯ ಕೆಳಗೆ ಹರಳು ಕೆಂಪಗೆ ಹತ್ತಿತು. ಸ್ಮಿತಾ ಉಸಿರು ಬಿಗಿಹಿಡಿದದ್ದು ನನಗೆ ಹೊರಗಿನಿಂದಲೇ ಕಂಡಿತು. ಆಮೇಲೆ ದೀಪ ಆರಿತು, ಅಲ್ಲಿ ಏನೂ ಇರಲೇ ಇಲ್ಲ ಎನ್ನುವ ಹಾಗೆ.

ವಾಲ್ಟರ್ ಇಂಗ್ಲಿಷಿನಲ್ಲಿ ಏನೋ ಹೇಳಲು ಹೋದ. ಅರ್ಧಕ್ಕೇ ಬಿಟ್ಟ. ಗಾಡಿಯನ್ನೂ ಮುಂದಕ್ಕೆ ತೆಗೆದುಕೊಳ್ಳಲಿಲ್ಲ. "ನಿಲ್ಸು" ಎಂದ. ಅವನಿಗೆ ಬರುತ್ತಿದ್ದ ಕನ್ನಡ ಅದೊಂದೇ.

ಮನೆ

ಸ್ಮಿತಾ ಈಗಲೂ ಅಲ್ಲೇ ಇದ್ದಾಳೆ. ಕಾರಿನ ಹಳದಿ ದೀಪ ರಿಪೇರಿ ಮಾಡಿಸಿದಳಂತೆ. ಏನೂ ದೊಡ್ಡದಾಗಿರಲಿಲ್ಲವಂತೆ. ವೆಂಕಟೇಶ ಪೇಪರಿನಲ್ಲಿ ಸುತ್ತಿಟ್ಟಿದ್ದ ಗಾಜುಗಳಲ್ಲಿ ಒಂದನ್ನು ನನಗೆ ಕೊಟ್ಟಳು. ದೇವರ ಗೂಡಿನಲ್ಲಿ ಕಪ್ಪಗೆ ಕಾಣುವುದು ಅದೇ. ಚಂದನಾ, ನೀನು ಹುಣಸೆಬೀಜ ಅಂದೆಯಲ್ಲ, ಅದು.

ಬೆಳಿಗ್ಗೆ ಸ್ಮಿತಾ ಫೋನ್ ಮಾಡುತ್ತಾಳೆ. ನಾನು ಎತ್ತುತ್ತೇನೆ. "ಅತ್ತೆ, ಎದ್ರಾ?" ಅನ್ನುತ್ತಾಳೆ. "ಎದ್ದೆ ಕಣೇ" ಅನ್ನುತ್ತೇನೆ. ಆಮೇಲೆ ಇಬ್ಬರಿಗೂ ಹೇಳಲು ಹೆಚ್ಚೇನೂ ಇರುವುದಿಲ್ಲ. ಆದರೂ ಸ್ವಲ್ಪ ಹೊತ್ತು ಯಾರೂ ಇಡುವುದಿಲ್ಲ.

ನೀವು ಮಿಸ್ಡ್ ಕಾಲ್ ಕೊಡುವುದಾದರೆ ಕೊಡಿ, ನಿಮ್ಮ ಅಭ್ಯಾಸ ನಾನು ಬಿಡಿಸಲಾರೆ. ನಾನಂತೂ ಎತ್ತುತ್ತೇನೆ. ಕೈಯಲ್ಲಿ ಹಿಟ್ಟಿದ್ದರೂ ಎತ್ತುತ್ತೇನೆ. ಆಗ ತಟ್ಟನೆ ಕಟ್ ಮಾಡಬೇಡಿ. "ಏನಿಲ್ಲ ಅಜ್ಜಿ" ಅಂತಲಾದರೂ ಒಂದು ಮಾತು ಅಂದು ಇಡಿ. ನಾನು ಯಾವಾಗಲಾದರೂ ಮಾಡಿದರೆ, ಅಜ್ಜಿ ಕಟ್ ಮಾಡುವುದು ಮರೆತಿದ್ದಾಳೆ ಎಂದುಕೊಳ್ಳಬೇಡಿ.